ಇಂಗ್ಲಿಷರ ‘ಥಿಂಕ್’ ಜರ್ಮನ್ ಭಾಷೆಯಲ್ಲಿ

ಇಂಗ್ಲಿಷ್ ಭಾಷೆಯ ‘ಥಿಂಕ್’ ಎಂಬ ಕ್ರಿಯಾಪದವು ಮನೆಯ ಎಲ್ಲ ಕೆಲಸಕ್ಕೂ ಒದಗುವ ಹಳೆಯ ಆಳಿನಂತೆ. ಮಳೆ ಬಂದೀತೆಂಬ ಊಹೆಗೂ, ನಾಟಕವು ಚೆನ್ನಾಗಿದೆಯೆಂಬ ಮೆಚ್ಚಿಕೆಗೂ, ತತ್ತ್ವಜ್ಞಾನಿಯ ಆಲೋಚನೆಗೂ ಆ ಒಂದೇ ಪದ ಸಾಕು. ಇದನ್ನು ಜರ್ಮನ್ ಭಾಷೆಗೆ ತಿರುಗಿಸಹೊರಟವನಿಗೆ ನಿಘಂಟು ಮೊದಲು ತೋರಿಸುವುದು ‘ಡೆಂಕೆನ್’ ಎಂಬುದನ್ನು. ಅಷ್ಟಕ್ಕೇ ತೃಪ್ತನಾದವನು ಬಹು ಬೇಗ ಎಡವುವನು.

‘ಡೆಂಕೆನ್’ ಮುಖ್ಯವಾಗಿ ಬುದ್ಧಿಯ ವ್ಯಾಪಾರ. ‘ಆನ್’ ಎಂಬ ಅವ್ಯಯ ಸೇರಿದಾಗ ಒಬ್ಬರನ್ನು ನೆನೆಯುವುದೆಂದಾಗುವುದು. ಒಂದು ವಿಷಯವನ್ನು ಮಥಿಸುವುದು ‘ನಾಖ್‌ಡೆಂಕೆನ್’. ನಿರ್ಧಾರಕ್ಕೆ ಮುಂಚೆ ತೂಗಿನೋಡುವುದು ‘ಯೂಬರ್‌ಲೇಗೆನ್’. ನಾಟಕವನ್ನು ಮೆಚ್ಚಿದವನು ‘ಫಿಂಡೆನ್’ ಎನ್ನುವನು. ಆ ಪದದ ಮೂಲಾರ್ಥ ‘ಕಂಡುಕೊಳ್ಳು’. ಒಬ್ಬನನ್ನು ಪ್ರಾಮಾಣಿಕನೆಂದು ಬಗೆಯುವಲ್ಲಿ ‘ಹಿಡಿ’ ಎಂಬರ್ಥದ ‘ಹಾಲ್ಟೆನ್’ ಬರುವುದು. ತೋರು, ಎಣಿಸು, ಬಗೆ, ಯೋಚಿಸು ಎಂದು ಬೇರೆಬೇರೆಯಾಗಿ ಆಡುವ ಕನ್ನಡಿಗರಾದ ನಮಗೆ ಇದು ಹೊಸದಲ್ಲ. ಆದರೆ ನಾವು ಜರ್ಮನ್ ಭಾಷೆಯನ್ನು ಬಹುಮಟ್ಟಿಗೆ ಇಂಗ್ಲಿಷಿನ ಬಾಗಿಲಿನಿಂದಲೇ ಪ್ರವೇಶಿಸುವುದರಿಂದ, ಇಂಗ್ಲಿಷರ ತೊಡಕನ್ನೂ ಹೊತ್ತುಕೊಂಡು ಹೋಗುವೆವು!

ನಿಜವಾದ ಕಷ್ಟವಿರುವುದು ‘ಮೈನೆನ್’, ‘ಗ್ಲೌಬೆನ್’ ಎಂಬೆರಡರಲ್ಲಿ. ಮೊದಲನೆಯದು ಅಭಿಪ್ರಾಯವನ್ನು ಹೇಳುವುದು. ಎರಡನೆಯದು ವಿಚಿತ್ರವಾದುದು: ದೇವರಲ್ಲಿಡುವ ನಂಬುಗೆಗೂ ಅದೇ ಪದ, ನಾಳೆ ಮಳೆ ಬರಬಹುದೆಂಬ ಅಳ್ಳಕವಾದ ಊಹೆಗೂ ಅದೇ ಪದ. ಕಾಂಟನು 1781ರಲ್ಲಿ ಪ್ರಕಟಿಸಿದ ‘ಶುದ್ಧ ಬುದ್ಧಿಯ ವಿಮರ್ಶೆ’ಯಲ್ಲಿ ಇವುಗಳಿಗೆ ಮೆಟ್ಟಿಲು ಕಟ್ಟಿದನು. ಹೇಳುವವನಿಗೇ ಸಾಲದು, ವಸ್ತುತಃವೂ ಸಾಲದು ಎಂಬಂಥ ಆಧಾರವುಳ್ಳದ್ದು ‘ಮೈನೆನ್’. ಹೇಳುವವನಿಗೆ ಸಾಕಾಗಿ ವಸ್ತುತಃ ಸಾಲದ ಆಧಾರವುಳ್ಳದ್ದು ‘ಗ್ಲೌಬೆನ್’. ಎರಡು ಬಗೆಯಿಂದಲೂ ಸಾಕಾದುದು ‘ವಿಸ್ಸೆನ್’, ಎಂದರೆ ಜ್ಞಾನ. ಈ ಮೂರನ್ನು ಕಲಸಿದ ಭಾಷಾಂತರದಲ್ಲಿ ಅವನ ವಾದವೇ ಕುಸಿದುಬೀಳುವುದು. ಬೀದಿಯ ಜರ್ಮನನಾದರೋ ಕಾಂಟನ ಮೆಟ್ಟಿಲನ್ನು ಲಕ್ಷಿಸುವುದಿಲ್ಲ. ‘ಇಖ್ ಗ್ಲೌಬೆ’ ಎಂದು ಅವನು ಹಗುರವಾಗಿ ಆಡಿದುದನ್ನು ‘ದೃಢವಾಗಿ ನಂಬಿದ್ದೇನೆ’ ಎಂದು ತಿರುಗಿಸುವುದು ಅನ್ಯಾಯ.

ಗ್ರಂಥದಲ್ಲಿ ಇಂಥ ತಪ್ಪನ್ನು ಮರುಮುದ್ರಣದಲ್ಲಿ ತಿದ್ದಬಹುದು, ನ್ಯಾಯಸ್ಥಾನದಲ್ಲಿ ಹಾಗಲ್ಲ. 1945ರ ನವೆಂಬರ್ 20ರಂದು ನ್ಯೂರೆಂಬರ್ಗಿನಲ್ಲಿ ಮೊದಲಾದ ಮಹಾವಿಚಾರಣೆಯಲ್ಲಿ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ಭಾಷೆಗಳಿಗೆ ಮಾತು ಆಡುತ್ತಿದ್ದಂತೆಯೇ ಭಾಷಾಂತರ ನಡೆಯುತ್ತಿತ್ತು. ಅಲ್ಲಿ ಪ್ರಾಣದಂಡನೆಯೂ ವಿಧಿಸಲ್ಪಟ್ಟಿತು. ಅಂಥ ಸ್ಥಳದಲ್ಲಿ ಇಂಗ್ಲಿಷ್ ವಕೀಲನು ‘ನೀವು ಹಾಗೆ ಥಿಂಕ್ ಮಾಡಿದಿರಾ?’ ಎಂದು ಕೇಳಿದರೆ, ಅದು ಊಹೆಯೋ, ಅಭಿಪ್ರಾಯವೋ, ಆಲೋಚಿಸಿ ಮಾಡಿದ ಸಂಕಲ್ಪವೋ ಎಂಬುದನ್ನು ದುಭಾಷಿಯು ವಾಕ್ಯ ಮುಗಿಯುವುದರೊಳಗೆ ನಿಶ್ಚಯಿಸಬೇಕು. ಸಾಕ್ಷಿಯು ಉತ್ತರ ಕೊಡುವುದು ವಕೀಲನು ಆಡಿದ ಪದಕ್ಕಲ್ಲ, ದುಭಾಷಿಯು ಆರಿಸಿದ ಪದಕ್ಕೆ.