ಮುನ್ನೂರು ನಿಮಿಷಗಳ ಹಂಚಿಕೆ: ಅಮೆರಿಕದ ಮಿಡಲ್ ಸ್ಕೂಲಿನ ವೇಳಾಪಟ್ಟಿ ಮತ್ತು ಐಚ್ಛಿಕ ವಿಷಯಗಳು

ಅಮೆರಿಕದಲ್ಲಿ 6ರಿಂದ 8ನೆಯ ತರಗತಿಯವರೆಗಿನ, ಅಂದರೆ ಸುಮಾರು ಹನ್ನೊಂದರಿಂದ ಹದಿನಾಲ್ಕು ವರ್ಷ ವಯಸ್ಸಿನ ಮಕ್ಕಳಿಗಾಗಿ ಇರುವ ಪ್ರತ್ಯೇಕ ಶಾಲೆಯನ್ನು ಮಿಡಲ್ ಸ್ಕೂಲ್ ಎನ್ನುತ್ತಾರೆ. ಅದುವರೆಗೆ ದಿನದ ಬಹುಪಾಲು ಒಬ್ಬರೇ ಶಿಕ್ಷಕಿಯ ಕೋಣೆಯಲ್ಲಿ ಕುಳಿತು ಕಲಿತ ಮಗು ಇಲ್ಲಿಗೆ ಬಂದೊಡನೆ ಪ್ರತಿ ಪೀರಿಯಡ್ಡಿಗೂ ಚೀಲ ಹೊತ್ತು ಕೋಣೆಯಿಂದ ಕೋಣೆಗೆ ನಡೆಯತೊಡಗುತ್ತದೆ. ಮೇಷ್ಟ್ರು ತರಗತಿಗೆ ಬರುವುದಲ್ಲ, ಮಕ್ಕಳೇ ಮೇಷ್ಟ್ರ ಕೋಣೆಗೆ ಹೋಗುವುದು ಎಂಬ ಈ ಪದ್ಧತಿಯೇ ಕರ್ನಾಟಕದ ಶಾಲೆಗಳನ್ನು ಬಲ್ಲವರಿಗೆ ಮೊದಲು ಕಾಣುವ ವ್ಯತ್ಯಾಸ. ಇನ್ನೊಂದು ವ್ಯತ್ಯಾಸವೆಂದರೆ, ಎಲ್ಲರಿಗೂ ಕಡ್ಡಾಯವಾದ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಜೊತೆಗೆ ಮಗು ತಾನೇ ಆರಿಸಿಕೊಳ್ಳಬಹುದಾದ ಐಚ್ಛಿಕ ವಿಷಯಗಳು, ಅಲ್ಲಿನವರ ಮಾತಿನಲ್ಲಿ ಎಲೆಕ್ಟಿವ್‌ಗಳು, ಇರುವುದು. ವಾದ್ಯವೃಂದ, ಚಿತ್ರಕಲೆ, ನಾಟಕ, ಸ್ಪ್ಯಾನಿಷ್, ಮರಗೆಲಸ, ಅಡುಗೆ, ಕಂಪ್ಯೂಟರ್ ಕೋಡಿಂಗ್ ಮುಂತಾದವು ಈ ಪಟ್ಟಿಯಲ್ಲಿ ಬರುತ್ತವೆ. ಪಟ್ಟಿಯನ್ನು ನೋಡಿದವರಿಗೆ ಮಕ್ಕಳ ಮುಂದೆ ಹಬ್ಬದೂಟವನ್ನೇ ಬಡಿಸಿಟ್ಟಂತೆ ಕಾಣುತ್ತದೆ. ಆದರೆ ಯಾವ ಮಗುವಿಗೆ ಎಷ್ಟು ಆಯ್ಕೆ ದಕ್ಕುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ಪಟ್ಟಿಯಲ್ಲ, ಶಾಲೆಯ ಕಚೇರಿಯಲ್ಲಿ ತಯಾರಾಗುವ ವೇಳಾಪಟ್ಟಿ. ಅದನ್ನು ಬದಲಿಸಲು ಹೊರಟಾಗಲೆಲ್ಲ ಪೋಷಕರು, ಶಿಕ್ಷಕರು, ಆಡಳಿತ ಮಂಡಳಿಗಳ ನಡುವೆ ತಿಂಗಳುಗಟ್ಟಲೆ ಜಗ್ಗಾಟ ನಡೆಯುವುದು ಇದೇ ಕಾರಣಕ್ಕೆ.

ಈ ಜಗ್ಗಾಟಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಎಂಟು ವರ್ಷದ ಪ್ರಾಥಮಿಕ, ನಾಲ್ಕು ವರ್ಷದ ಪ್ರೌಢಶಾಲೆ ಎಂಬ ಹಳೆಯ ವಿಂಗಡಣೆಯನ್ನು ಒಡೆದು, 1909ರಲ್ಲಿ ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ನಡುವಿನ ತರಗತಿಗಳಿಗೆಂದೇ ಇಂಡಿಯಾನೋಲಾ ಜೂನಿಯರ್ ಹೈಸ್ಕೂಲ್ ಆರಂಭವಾಯಿತು. ಅದೇ ಕಾಲಕ್ಕೆ ಇಂಡಿಯಾನಾ ರಾಜ್ಯದ ಉಕ್ಕಿನ ಊರಾದ ಗ್ಯಾರಿಯಲ್ಲಿ ಶಾಲಾಡಳಿತದ ಮುಖ್ಯಸ್ಥ ವಿಲಿಯಂ ವರ್ಟ್ ಎಂಬಾತ ಇನ್ನೊಂದು ಬಗೆಯ ದಿನಚರಿಯನ್ನು ರೂಪಿಸಿದ್ದ: ಶಾಲೆಯ ಅರ್ಧ ಮಕ್ಕಳು ಕೋಣೆಗಳಲ್ಲಿ ಪಾಠ ಕೇಳುತ್ತಿರುವಾಗ ಉಳಿದರ್ಧ ಮಕ್ಕಳು ಕಮ್ಮಟ, ಪ್ರಯೋಗಾಲಯ, ವ್ಯಾಯಾಮಶಾಲೆ, ಸಭಾಂಗಣ ಮತ್ತು ಆಟದ ಮೈದಾನಗಳಲ್ಲಿ ಇರುತ್ತಿದ್ದರು, ಆಮೇಲೆ ಎರಡು ತಂಡಗಳೂ ಸ್ಥಳ ಬದಲಿಸಿಕೊಳ್ಳುತ್ತಿದ್ದವು. ಒಂದೇ ಕಟ್ಟಡದಲ್ಲಿ ಇಮ್ಮಡಿ ಮಕ್ಕಳಿಗೆ ಜಾಗವಾಗುತ್ತಿತ್ತು, ಮಕ್ಕಳಿಗೆ ಕೈಕೆಲಸವೂ ಆಟವೂ ಸಿಗುತ್ತಿದ್ದವು. ಕಿಕ್ಕಿರಿದ ಶಾಲೆಗಳಿಂದ ಕಂಗೆಟ್ಟಿದ್ದ ನ್ಯೂಯಾರ್ಕ್ ನಗರಾಡಳಿತ ಇದನ್ನೇ ತನ್ನಲ್ಲಿಯೂ ತರಲು ಹೊರಟಾಗ, ವಲಸೆ ಬಂದ ಬಡ ಕುಟುಂಬಗಳು ತಮ್ಮ ಮಕ್ಕಳನ್ನು ಓದಿನಿಂದ ತಪ್ಪಿಸಿ ಕಾರ್ಖಾನೆಯ ಕೂಲಿಗಳಾಗಿ ಪಳಗಿಸುವ ಹುನ್ನಾರ ಇದೆಂದು ಶಂಕಿಸಿದವು. 1917ರ ಅಕ್ಟೋಬರ್‌ನಲ್ಲಿ ಮಕ್ಕಳೂ ಪೋಷಕರೂ ಬೀದಿಗಿಳಿದರು, ಶಾಲೆಗಳ ಕಿಟಕಿಗಳ ಗಾಜು ಒಡೆಯಿತು, ಮರುತಿಂಗಳ ಚುನಾವಣೆಯಲ್ಲಿ ಯೋಜನೆಯನ್ನು ಬೆಂಬಲಿಸಿದ್ದ ಮೇಯರ್ ಜಾನ್ ಮಿಚೆಲ್ ಸೋತು, ವಿರೋಧಿಸಿದ್ದ ಜಾನ್ ಹೈಲನ್ ಗೆದ್ದರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ನಿಜ; ಆದರೂ ಶಾಲೆಯೊಂದರ ಪೀರಿಯಡ್ಡುಗಳ ಜೋಡಣೆ ಮಹಾನಗರದ ಚುನಾವಣೆಯ ಮಾತಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆ ತಾಯ್ತಂದೆಯರ ಶಂಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದೂ ನ್ಯಾಯವಲ್ಲ, ಏಕೆಂದರೆ ಮುಂದಿನ ದಶಕಗಳಲ್ಲಿ ಕಮ್ಮಟದ ತರಗತಿಗಳಿಗೆ ಯಾರ ಮಕ್ಕಳನ್ನು ಹೆಚ್ಚಾಗಿ ಕಳುಹಿಸಲಾಯಿತು ಎಂಬುದು ಅಮೆರಿಕದ ಶಿಕ್ಷಣದ ಇತಿಹಾಸದಲ್ಲಿ ಹೆಮ್ಮೆಪಡುವಂಥ ಅಧ್ಯಾಯವೇನಲ್ಲ.

ಹುಡುಗರಿಗೆ ಮರಗೆಲಸ, ಹುಡುಗಿಯರಿಗೆ ಅಡುಗೆ ಮತ್ತು ಹೊಲಿಗೆ ಎಂಬ ಕಟ್ಟು ಕಾನೂನಿನ ಮಟ್ಟದಲ್ಲಿ ಸಡಿಲಗೊಂಡದ್ದು ಶಿಕ್ಷಣದಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸಿದ 1972ರ ಟೈಟಲ್ ನೈನ್ ಕಾಯ್ದೆಯಿಂದ. ಅದಕ್ಕೆ ಮೊದಲೇ, 1963ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸದಲ್ಲಿ ವಿಲಿಯಂ ಅಲೆಕ್ಸಾಂಡರ್ ಎಂಬ ಶಿಕ್ಷಣತಜ್ಞ, ಜೂನಿಯರ್ ಹೈಸ್ಕೂಲ್ ಎಂಬುದು ಪ್ರೌಢಶಾಲೆಯ ಚಿಕ್ಕ ನಕಲಾಗಿಬಿಟ್ಟಿದೆಯೆಂದು ಆಕ್ಷೇಪಿಸಿ, ಈ ವಯಸ್ಸಿಗೇ ತಕ್ಕ ಮಿಡಲ್ ಸ್ಕೂಲಿನ ಕಲ್ಪನೆಯನ್ನು ಮುಂದಿಟ್ಟಿದ್ದರು. ದೇಹವೂ ಮನಸ್ಸೂ ದಿನೇದಿನೇ ಬದಲಾಗುವ ಈ ವಯಸ್ಸಿನಲ್ಲಿ ಮಗು ಒಂದೇ ವಿಷಯಕ್ಕೆ ಅಂಟಿಕೊಳ್ಳುವ ಬದಲು ಹಲವನ್ನು ಮುಟ್ಟಿ ನೋಡಬೇಕೆಂಬುದು ಆ ಚಿಂತನೆಯ ಒಂದು ಎಳೆ. ಇಂದಿಗೂ 6ನೆಯ ತರಗತಿಯಲ್ಲಿ ಕಾಣುವ ವ್ಹೀಲ್ ಎಂಬ ಏರ್ಪಾಡು ಅದರ ಫಲ: ಒಂದೇ ಪೀರಿಯಡ್ಡಿನಲ್ಲಿ ಮಗು ಆರೋ ಒಂಬತ್ತೋ ವಾರ ಚಿತ್ರಕಲೆ, ಮತ್ತಷ್ಟು ವಾರ ನಾಟಕ, ಆಮೇಲೆ ಕೋಡಿಂಗ್ ಎಂದು ಸುತ್ತುತ್ತ ವರ್ಷ ಮುಗಿಸುತ್ತದೆ. ಬ್ಯಾಂಡ್ ಅಥವಾ ತಂತಿವಾದ್ಯಗಳ ಆರ್ಕೆಸ್ಟ್ರಾ ಮಾತ್ರ ಈ ಸುತ್ತಿಗೆ ಒಗ್ಗುವುದಿಲ್ಲ. ಕ್ಲಾರಿನೆಟ್ ಊದಲು ಕಲಿಯುವ ಮಗುವಿಗೆ ವರ್ಷವಿಡೀ ಅದೇ ಪೀರಿಯಡ್ ಬೇಕು, ಸಾಧ್ಯವಾದರೆ ಮೂರು ವರ್ಷವೂ ಬೇಕು. ಹಾಗಾಗಿ ಇರುವ ಒಂದು ಐಚ್ಛಿಕ ಪೀರಿಯಡ್ಡನ್ನು ಬ್ಯಾಂಡಿಗೆ ಕೊಟ್ಟ ಮಗು ಉಳಿದುದೆಲ್ಲವನ್ನೂ ಬಿಟ್ಟುಕೊಟ್ಟಂತೆಯೇ.

ಒಂದೇ ಪೀರಿಯಡ್ ಏಕೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಲೆಕ್ಕವನ್ನು ನೋಡಬಹುದು. ಅಲ್ಲಿನ ಕಾನೂನಿನ ಪ್ರಕಾರ 4ರಿಂದ 8ನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ 54,000 ನಿಮಿಷ ಬೋಧನೆ ಆಗಬೇಕು. 180 ದಿನಗಳ ಶಾಲಾ ವರ್ಷಕ್ಕೆ ಭಾಗಿಸಿದರೆ ದಿನಕ್ಕೆ 300 ನಿಮಿಷ. (ಭಾರತದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೆಯ ತರಗತಿಗಳಿಗೆ ವಿಧಿಸಿರುವುದು 220 ದಿನ ಮತ್ತು 1,000 ಗಂಟೆ, ಅಂದರೆ ದಿನಕ್ಕೆ ಸುಮಾರು 273 ನಿಮಿಷ.) ಐವತ್ತು ನಿಮಿಷದ ಆರು ಪೀರಿಯಡ್ಡುಗಳಾಗಿ ಹಂಚಿದರೆ ನಾಲ್ಕು ಮುಖ್ಯ ವಿಷಯಗಳಿಗೆ ನಾಲ್ಕು ಹೋಗುತ್ತವೆ, 7ನೆಯ ತರಗತಿಯಿಂದ ಪ್ರತಿ ಹತ್ತು ಶಾಲಾ ದಿನಗಳಿಗೆ 400 ನಿಮಿಷ ದೈಹಿಕ ಶಿಕ್ಷಣ ಕಡ್ಡಾಯವಾದ್ದರಿಂದ ಐದನೆಯದೂ ಹೋಗುತ್ತದೆ, ಮಗುವಿನ ಇಚ್ಛೆಗೆ ಉಳಿಯುವುದು ಒಂದೇ ಒಂದು. ಆ ಒಂದೂ ಎಲ್ಲರಿಗೂ ಉಳಿಯುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮೂಲದ ಮಕ್ಕಳ ಪರವಾಗಿ 1974ರಲ್ಲಿ ಬಂದ ಲಾವ್ ವಿರುದ್ಧ ನಿಕೋಲ್ಸ್ ಎಂಬ ಸುಪ್ರೀಂ ಕೋರ್ಟ್ ತೀರ್ಪಿನ ತರುವಾಯ, ಇಂಗ್ಲಿಷ್ ಬಾರದ ಮಕ್ಕಳಿಗೆ ಆ ಭಾಷೆ ದಕ್ಕುವಂತೆ ನೆರವಾಗುವುದು ಶಾಲೆಗಳ ಹೊಣೆ. ಈ ನೆರವು ಬಹಳಷ್ಟು ಶಾಲೆಗಳಲ್ಲಿ ಪ್ರತ್ಯೇಕ ಪೀರಿಯಡ್ಡಿನ ರೂಪದಲ್ಲಿ ಬರುತ್ತದೆ. ಇನ್ನು 2002ರ ಜನವರಿಯಲ್ಲಿ ಅಧ್ಯಕ್ಷರ ಸಹಿ ಪಡೆದ ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾಯ್ದೆ 3ರಿಂದ 8ನೆಯ ತರಗತಿಯವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆಯನ್ನು ಕಡ್ಡಾಯಗೊಳಿಸಿ, ಫಲಿತಾಂಶ ಕೆಟ್ಟ ಶಾಲೆಗಳ ಮೇಲೆ ಕ್ರಮಕ್ಕೆ ದಾರಿ ಮಾಡಿದ ಮೇಲೆ, ಅಂಕ ಕಡಿಮೆ ಬಂದ ಮಕ್ಕಳಿಗೆ ಓದು ಅಥವಾ ಗಣಿತದ ಎರಡನೆಯ ಪೀರಿಯಡ್ ಹಾಕುವ ರೂಢಿ ಬಲವಾಯಿತು. ಎರಡೂ ಸಂದರ್ಭದಲ್ಲಿ ಆ ಪೀರಿಯಡ್ ಬರುವುದು ಐಚ್ಛಿಕ ವಿಷಯದ ಜಾಗದಲ್ಲಿಯೇ. ಪರೀಕ್ಷೆ ಹತ್ತಿರವಾದಂತೆ ಡ್ರಾಯಿಂಗ್ ಮತ್ತು ಪಿಟಿ ಪೀರಿಯಡ್ಡುಗಳನ್ನು ಗಣಿತದ ಮೇಷ್ಟ್ರು ಕೇಳಿ ಪಡೆಯುವುದು ಕರ್ನಾಟಕದ ಶಾಲೆಗಳಲ್ಲಿ ಓದಿದವರಿಗೆ ಹೊಸದಲ್ಲ. ಆದರೆ ಕರ್ನಾಟಕದಲ್ಲಿ ಇಡೀ ತರಗತಿ ಒಟ್ಟಿಗೆ ಕಳೆದುಕೊಳ್ಳುವುದನ್ನು ಅಮೆರಿಕದಲ್ಲಿ ಹಿಂದೆ ಬಿದ್ದ ಮಗು ಒಂಟಿಯಾಗಿ, ವರ್ಷವಿಡೀ ಕಳೆದುಕೊಳ್ಳುತ್ತದೆ. ಶಾಲೆಗೆ ಬರಲು ಮನಸ್ಸಾಗಲು ಚಿತ್ರಕಲೆಯ ಕೋಣೆಯೇ ಕಾರಣವಾಗಬಹುದಾಗಿದ್ದ ಮಗುವಿನಿಂದಲೇ ಅದನ್ನು ಕಿತ್ತುಕೊಳ್ಳುವ ಈ ಕ್ರಮವನ್ನು ಶಿಕ್ಷೆ ಎಂದು ಯಾರೂ ಕರೆಯುವುದಿಲ್ಲವಾದರೂ ಮಗುವಿಗೆ ಅದು ಬೇರೆಯಾಗಿ ಕಾಣುವುದು ಕಷ್ಟ.

ವೇಳಾಪಟ್ಟಿ ತಯಾರಾಗುವ ಬಗೆಯನ್ನು ಹತ್ತಿರದಿಂದ ನೋಡಿದರೆ ಆಯ್ಕೆಯ ಮಿತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಮುಂದಿನ ವರ್ಷದ ಎಲೆಕ್ಟಿವ್ ಆಯ್ಕೆಯ ಅರ್ಜಿ ಮನೆಗೆ ಬರುತ್ತದೆ. ಮಗು ತನಗೆ ಬೇಕಾದುದನ್ನು ಒಂದು, ಎರಡು, ಮೂರು ಎಂದು ಅನುಕ್ರಮವಾಗಿ ಬರೆದು, ಪೋಷಕರ ಸಹಿಯೊಡನೆ ಹಿಂದಿರುಗಿಸುತ್ತದೆ. ಅರ್ಜಿಗಳನ್ನು ಎಣಿಸಿ ಯಾವ ವಿಷಯಕ್ಕೆ ಎಷ್ಟು ತರಗತಿ ಬೇಕೆಂದು ತೀರ್ಮಾನಿಸಿದ ಮೇಲೆ, ಇಡೀ ಶಾಲೆಯ ಶಿಕ್ಷಕರು, ಕೋಣೆಗಳು, ಪೀರಿಯಡ್ಡುಗಳು ಒಂದೆಡೆ ಕೂಡುವ ಮಾಸ್ಟರ್ ಶೆಡ್ಯೂಲ್ ಎಂಬ ಮೂಲ ವೇಳಾಪಟ್ಟಿ ಸಿದ್ಧವಾಗಬೇಕು. ಹಿಂದೆ ಇದನ್ನು ಗೋಡೆಯ ಹಲಗೆಯ ಮೇಲೆ ಬಣ್ಣದ ಚೀಟಿಗಳನ್ನು ಸರಿಸುತ್ತ ಮಾಡುತ್ತಿದ್ದರು, ಈಗ ತಂತ್ರಾಂಶ ನೆರವಿಗಿದೆ; ತೊಡಕು ಮಾತ್ರ ಹಳೆಯದೇ. ಶಾಲೆಯಲ್ಲಿ ಒಂದೇ ಒಂದು ತರಗತಿಯಾಗಿ ನಡೆಯುವ ವಿಷಯವನ್ನು ಸಿಂಗಲ್ಟನ್ ಎನ್ನುತ್ತಾರೆ. ನುರಿತವರ ಬ್ಯಾಂಡ್ ಮೂರನೆಯ ಪೀರಿಯಡ್ಡಿನಲ್ಲಿ ಮಾತ್ರ ಇದ್ದು, ಮುಂದುವರಿದ ಗಣಿತವೂ ಅದೇ ಪೀರಿಯಡ್ಡಿನಲ್ಲಿ ಬಿದ್ದರೆ, ಎರಡನ್ನೂ ಬಯಸಿದ ಮಗು ಒಂದನ್ನು ಬಿಡಲೇಬೇಕು. ಒಂದು ಸಿಂಗಲ್ಟನ್ನನ್ನು ಸರಿಸಿದರೆ ಅದಕ್ಕೆ ಸಿಕ್ಕಿಕೊಂಡಿರುವ ಹತ್ತು ತರಗತಿಗಳು ಸರಿಯುತ್ತವೆ. ಕಡಿಮೆ ಅರ್ಜಿ ಬಂದ ವಿಷಯ ರದ್ದಾಗುತ್ತದೆ, ಅದನ್ನು ಮೊದಲ ಆಯ್ಕೆಯಾಗಿ ಬರೆದ ಮಕ್ಕಳು ಮೂರನೆಯ ಆಯ್ಕೆಯಲ್ಲಿ ಕೂರುತ್ತಾರೆ. ಸಣ್ಣ ಶಾಲೆಯಾದಷ್ಟೂ ಸಿಂಗಲ್ಟನ್‌ಗಳು ಹೆಚ್ಚು.

ಇದಕ್ಕೆ ಪರಿಹಾರವೆಂದು ಸಾಮಾನ್ಯವಾಗಿ ಮುಂದಿಡುವುದು ಏಳು ಪೀರಿಯಡ್ಡುಗಳ ದಿನ ಅಥವಾ ಬ್ಲಾಕ್ ಪದ್ಧತಿ. ಅವೇ 300 ನಿಮಿಷಗಳನ್ನು ಏಳಾಗಿ ಹಂಚಿದರೆ ಪೀರಿಯಡ್ ನಲವತ್ತಮೂರು ನಿಮಿಷಕ್ಕೆ ಇಳಿಯುತ್ತದೆ. ವಿಜ್ಞಾನದ ಪ್ರಯೋಗಕ್ಕೆ ಸಾಮಾನು ಹರಡಿ, ಮಾಡಿ, ತೊಳೆದಿಡಲು ಅದು ಸಾಲದೆಂದು ಶಿಕ್ಷಕರು ದೂರುವುದರಲ್ಲಿ ಹುರುಳಿದೆ. ಬ್ಲಾಕ್ ಪದ್ಧತಿಯಲ್ಲಿ ಪೀರಿಯಡ್ಡುಗಳು ಎಂಬತ್ತು ತೊಂಬತ್ತು ನಿಮಿಷದಷ್ಟು ದೀರ್ಘ. ಅರ್ಧ ವಿಷಯಗಳು ಒಂದು ದಿನ, ಉಳಿದರ್ಧ ಮರುದಿನ ಬರುವುದರಿಂದ ಒಟ್ಟು ಎಂಟು ವಿಷಯಗಳಿಗೂ ಎಡೆಯಾಗುತ್ತದೆ. ರಾಬರ್ಟ್ ಲಿನ್ ಕ್ಯಾನಡಿ ಮತ್ತು ಮೈಕೆಲ್ ರೆಟಿಗ್ 1990ರ ದಶಕದಲ್ಲಿ ಇದರ ಬಗ್ಗೆ ಬರೆದ ಕೃತಿಗಳು ಶಾಲಾಡಳಿತಗಾರರ ನಡುವೆ ಬಹಳ ಓಡಾಡಿದವು. ಗಣಿತದ, ವಿದೇಶಿ ಭಾಷೆಯ ಶಿಕ್ಷಕರು ದಿನ ಬಿಟ್ಟು ದಿನದ ಪಾಠಕ್ಕೆ ಒಪ್ಪುವುದು ಕಷ್ಟ, ಚಿತ್ರಕಲೆಯವರು ಸಂತೋಷದಿಂದ ಒಪ್ಪುತ್ತಾರೆ. ಎರಡು ಪರಿಹಾರಗಳಲ್ಲಿಯೂ ಅಡಗಿರುವ ನಿಜವಾದ ಖರ್ಚು ಶಿಕ್ಷಕರದು. ಆರರಲ್ಲಿ ಐದು ಪೀರಿಯಡ್ ಪಾಠ ಮಾಡಿ ಒಂದನ್ನು ಪಾಠದ ಸಿದ್ಧತೆಗೆ ಇಟ್ಟುಕೊಳ್ಳುತ್ತಿದ್ದ ಶಿಕ್ಷಕ ಏಳರಲ್ಲಿಯೂ ಐದನ್ನೇ ಮಾಡಿದರೆ, ಅಷ್ಟೇ ಮಕ್ಕಳಿಗೆ ಆರನೆಯ ಒಂದು ಭಾಗದಷ್ಟು ಹೆಚ್ಚು ಶಿಕ್ಷಕರು ಬೇಕು. ಏಳರಲ್ಲಿ ಆರನ್ನು ಮಾಡಬೇಕೆಂದರೆ ಅದು ಶಿಕ್ಷಕರ ಸಂಘದೊಡನೆ ಮಾಡಿಕೊಂಡ ಒಪ್ಪಂದದ ಪ್ರಶ್ನೆಯಾಗುತ್ತದೆ. ಬಜೆಟ್ ಬಿಗಿಯಾದ ವರ್ಷ ಏಳನೆಯ ಪೀರಿಯಡ್ ಕಾಣೆಯಾಗುವುದು ಇದೇ ಲೆಕ್ಕದಿಂದ.

ಗಣಿತವೇ ಎಲೆಕ್ಟಿವ್ ಆಗಿ ಬಂದು ಕುಳಿತುಕೊಳ್ಳುವ ವಿಚಿತ್ರವೂ ಈಚೆಗೆ ನಡೆದಿದೆ. ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಶಾಲೆಗಳು 2014ರಲ್ಲಿ, ಮಕ್ಕಳನ್ನು ಬೇಗನೆ ಮುಂದಿರುವವರು ಹಿಂದಿರುವವರು ಎಂದು ಬೇರ್ಪಡಿಸಬಾರದೆಂಬ ಉದ್ದೇಶದಿಂದ, 8ನೆಯ ತರಗತಿಯ ಬೀಜಗಣಿತವನ್ನು ತೆಗೆದು 9ನೆಯ ತರಗತಿಗೆ ಸರಿಸಿದವು. ಹತ್ತು ವರ್ಷ ವಾದ ನಡೆದು, 2024ರ ಮಾರ್ಚ್‌ನಲ್ಲಿ ನಗರದ ಮತದಾರರು ಅದನ್ನು ಮರಳಿ ತರಬೇಕೆಂಬ ಸಲಹಾ ನಿರ್ಣಯಕ್ಕೆ ಭಾರೀ ಬಹುಮತ ಕೊಟ್ಟರು. ಆಮೇಲೆ ನಡೆದ ಪ್ರಯೋಗದಲ್ಲಿ ಕೆಲವು ಶಾಲೆಗಳ ಮಕ್ಕಳು 8ನೆಯ ತರಗತಿಯ ಗಣಿತವನ್ನು ಬಿಡದೆ, ಅದರ ಜೊತೆಗೆ ಬೀಜಗಣಿತವನ್ನು ಐಚ್ಛಿಕ ಪೀರಿಯಡ್ಡಿನಲ್ಲಿ ತೆಗೆದುಕೊಳ್ಳುವ ದಾರಿಯನ್ನು ಇಡಲಾಯಿತು. ಮಗು ಗಣಿತದಲ್ಲಿ ಮುಂದಿರಬೇಕೆಂದು ಹಂಬಲಿಸುವ ಭಾರತೀಯ ಮೂಲದ ಪೋಷಕರಿಗೆ, ಅವರಲ್ಲಿ ಕನ್ನಡಿಗರಿಗೂ, ಇಂಥ ದಾರಿ ಹಿಡಿಸೀತು; ಕನ್ನಡವನ್ನೂ ಕರ್ನಾಟಕ ಸಂಗೀತವನ್ನೂ ಹೇಗಿದ್ದರೂ ವಾರಾಂತ್ಯದ ತರಗತಿಗಳಿಗೆ ಕಳುಹಿಸಿ ಕಲಿಸುವ ಮನೆಗಳಿಗೆ ಶಾಲೆಯ ಎಲೆಕ್ಟಿವ್ ಹೋದರೆ ದೊಡ್ಡ ನಷ್ಟವೆನಿಸದು. ಶನಿವಾರದ ಸಂಗೀತಕ್ಕೆ ಹಣವೂ ಕಾರೂ ಇಲ್ಲದ ಮನೆಯ ಮಗುವಿಗೆ ಮಾತ್ರ ಶಾಲೆಯ ಪೀರಿಯಡ್ಡೇ ಏಕೈಕ ಪಿಟೀಲು ತರಗತಿ.

ಕಲೆಗೆ ಹಣವೇ ಕೊರತೆಯಾದರೆ ಅದನ್ನು ತುಂಬಬಹುದೆಂಬ ನಂಬಿಕೆಯಿಂದ ಕ್ಯಾಲಿಫೋರ್ನಿಯಾದ ಮತದಾರರು 2022ರ ನವೆಂಬರ್‌ನಲ್ಲಿ ಪ್ರಪೊಸಿಷನ್ 28 ಎಂಬ ಪ್ರಸ್ತಾವವನ್ನು ಅಂಗೀಕರಿಸಿದರು. ಅದರಂತೆ ರಾಜ್ಯವು ಸರ್ಕಾರಿ ಶಾಲೆಗಳ ಕಲೆ ಮತ್ತು ಸಂಗೀತಕ್ಕೆ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಪ್ರತ್ಯೇಕವಾಗಿ ಕೊಡಬೇಕು, ತೀರಾ ಚಿಕ್ಕವಲ್ಲದ ಶಾಲಾ ಜಿಲ್ಲೆಗಳು, ಅಂದರೆ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕಗಳು, ಅದರ ಕನಿಷ್ಠ ಶೇ. 80 ಭಾಗವನ್ನು ಸಿಬ್ಬಂದಿಗೇ ಬಳಸಬೇಕು. ಒಳ್ಳೆಯ ಕಾನೂನು. ಆದರೆ ಅದು ಕೊಟ್ಟದ್ದು ಹಣವನ್ನು, ನಿಮಿಷಗಳನ್ನಲ್ಲ; ಆರು ಪೀರಿಯಡ್ಡಿನ ಶಾಲೆ ಸಂಗೀತದ ಇನ್ನೊಬ್ಬ ಶಿಕ್ಷಕಿಯನ್ನು ನೇಮಿಸಿಕೊಂಡರೂ, ಎರಡನೆಯ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕುಳಿತಿರುವ ಮಗು ಅವಳ ಕೋಣೆಗೆ ಬರುವಂತಿಲ್ಲ.

ದಿನವನ್ನೇ ಉದ್ದ ಮಾಡಬಾರದೇಕೆ ಎಂಬ ಪ್ರಶ್ನೆಗೆ ಇನ್ನೊಂದು ಬದಿಯಿಂದ ತಡೆ ಬಂದಿದೆ. ಹದಿಹರೆಯಕ್ಕೆ ಕಾಲಿಡುವ ಮಕ್ಕಳಿಗೆ ರಾತ್ರಿ ನಿದ್ದೆ ಬರುವುದೇ ತಡವಾಗುವುದರಿಂದ ಮಿಡಲ್ ಮತ್ತು ಹೈಸ್ಕೂಲುಗಳು ಬೆಳಗ್ಗೆ 8.30ಕ್ಕೆ ಮುಂಚೆ ಆರಂಭವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಶಿಫಾರಸು ಮಾಡಿತು. ಕ್ಯಾಲಿಫೋರ್ನಿಯಾ 2019ರಲ್ಲಿ ಮಾಡಿದ ಕಾನೂನಿನಿಂದಾಗಿ, 2022ರ ಜುಲೈನಿಂದ ಅಲ್ಲಿನ ಮಿಡಲ್ ಸ್ಕೂಲುಗಳು 8 ಗಂಟೆಗೆ, ಹೈಸ್ಕೂಲುಗಳು 8.30ಕ್ಕೆ ಮುಂಚೆ ಶಾಲಾ ದಿನವನ್ನು ಆರಂಭಿಸುವಂತಿಲ್ಲ. ಗ್ರಾಮೀಣ ಶಾಲಾ ಜಿಲ್ಲೆಗಳಿಗೆ ವಿನಾಯಿತಿಯಿದೆ. ಇಂಥದೇ ಕಾನೂನನ್ನು 2023ರಲ್ಲಿ ಮಾಡಿದ ಫ್ಲಾರಿಡಾ, ಬಸ್ಸುಗಳ ಖರ್ಚು ಮತ್ತು ಚಾಲಕರ ಕೊರತೆಯ ದೂರುಗಳು ಬಂದು, ಜಾರಿಗೆ ಮುನ್ನವೇ 2025ರಲ್ಲಿ ಆ ಕಡ್ಡಾಯವನ್ನು ಸಡಿಲಿಸಿತು. ಕ್ಯಾಲಿಫೋರ್ನಿಯಾದ ಕಾನೂನು ಜೀರೋ ಪೀರಿಯಡ್ಡನ್ನು, ಅಂದರೆ ಮೊದಲ ಪೀರಿಯಡ್ಡಿಗೂ ಮುಂಚೆ ಕೆಲವೇ ಮಕ್ಕಳಿಗಾಗಿ ನಡೆಯುವ ತರಗತಿಯನ್ನು, ನಿಷೇಧಿಸಿಲ್ಲ. ದಿನದೊಳಗೆ ಹಿಡಿಸದ ಬ್ಯಾಂಡ್, ಗಾಯನ, ಒಮ್ಮೊಮ್ಮೆ ದೈಹಿಕ ಶಿಕ್ಷಣವೂ ಅಲ್ಲಿಗೆ ಹೋಗುತ್ತವೆ. ಶಾಲಾ ಬಸ್ಸುಗಳು ಸಾಮಾನ್ಯವಾಗಿ ಮೊದಲ ಪೀರಿಯಡ್ಡಿನ ವೇಳೆಗೆ ಹೊಂದಿಕೊಂಡು ಓಡುವುದರಿಂದ, ಏಳು ಗಂಟೆಯ ಬ್ಯಾಂಡಿಗೆ ಸೇರಬಲ್ಲವರು ಬೆಳಗ್ಗೆ ಬೇಗನೆ ಕಾರಿನಲ್ಲಿ ತಂದುಬಿಡಲು ಮನೆಯಲ್ಲಿ ಯಾರಾದರೂ ಇರುವ ಮಕ್ಕಳು, ಇಲ್ಲವೇ ನಡೆದು ಬರುವಷ್ಟು ಹತ್ತಿರದಲ್ಲಿ ಮನೆಯಿರುವ ಮಕ್ಕಳು.