ಕಾವಲು ಖಾಲಿ ಜಾಗ ಅಲ್ಲ

ಹೋದ ವರ್ಷ ಮುಂಗಾರಿನ ಮೊದಲ ಮಳೆಯಾದ ಮರುದಿನವೇ ನಾವು ನಾಲ್ವರು ಎರಡು ಜೀಪು ತಗೊಂಡು ಬೆಂಗಳೂರು ಬಿಟ್ಟೆವು. ಚಳ್ಳಕೆರೆಗೆ ಸುಮಾರು 200 ಕಿ.ಮೀ. ನಮ್ಮ ಕಡೆಯ ಊರು ಅಂತ ದಾರಿ ತೋರಿಸುವ ಜಂಬ ನನಗೆ. ಹೈವೇ ಬಿಟ್ಟು ಕಾವಲಿಗೆ ಇಳಿದದ್ದೇ ತಡ, ಕೆಸರು ಹಾರಿಸಿದ್ದಾಯಿತು, ರೀಲ್ಸ್ ಮಾಡಿದ್ದಾಯಿತು. ಗೇಟಿಲ್ಲ, ಬೋರ್ಡಿಲ್ಲ, ಕೇಳುವವರೂ ಇಲ್ಲ ಅಂದುಕೊಂಡಿದ್ದೆ.

ಕೇಳುವವರಿದ್ದರು. ಅಲ್ಲೇ ಕುರಿ ಮೇಯಿಸುತ್ತಿದ್ದ ನಮ್ಮ ಚಿಕ್ಕಪ್ಪ. ಬೈಯಲಿಲ್ಲ. "ಬಾರೋ ಇಲ್ಲಿ" ಅಂತ ಕರೆದು, ಟೈರಿನ ಗುರುತಿನಿಂದ ಒಂದು ಗೇಣು ಆಚೆಗಿದ್ದ ನಾಲ್ಕು ಮೊಟ್ಟೆ ತೋರಿಸಿದರು. ಗೂಡು ಅಂತೇನಿಲ್ಲ, ಬರೀ ನೆಲ. ಮಣ್ಣಿನದ್ದೇ ಬಣ್ಣ. ತಲೆ ಮೇಲೆ ಟಿಟ್ಟಿಭ ಹಕ್ಕಿ ಕೂಗಾಡುತ್ತಿತ್ತು. "ಆಗಿಂದ ಬಡ್ಕೊಳ್ತಾ ಐತೆ. ನಿಮ್ಮ ಗಾಡಿ ಸದ್ದಿನಾಗೆ ಕೇಳ್ಸಿಲ್ಲ" ಅಂದರು.

ಖಾಲಿ ಕಾಣುವ ಈ ನೆಲಕ್ಕೆ ಹಳೆಯ ಲೆಕ್ಕಾಚಾರವಿದೆ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಟಿಪ್ಪು ಕಾಲಕ್ಕೆ 'ಅಮೃತಮಹಲ್' ಆಯಿತು. ಆ ದನಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲೇ ಕಾವಲು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು ಅಂತ ವಿಂಗಡಣೆ ಇತ್ತು. ಒಂದು ಕಡೆ ದನ ಮೇಯುವಾಗ ಇನ್ನೊಂದು ಕಡೆ ಹುಲ್ಲಿಗೆ ರಜೆ. ಚಳ್ಳಕೆರೆಯಲ್ಲಿ ಸುಮಾರು 10 ಸಾವಿರ ಎಕರೆ ಕಾವಲು ಈಗ ಡಿಆರ್‌ಡಿಒ, ಐಐಎಸ್‌ಸಿಯಂಥ ಸಂಸ್ಥೆಗಳ ಪಾಲಾಗಿದೆ. ಉಳಿದ ತುಂಡುಗಳಲ್ಲೇ ಕುರಿ, ದನ, ಕೃಷ್ಣಮೃಗ, ಹಕ್ಕಿ ಎಲ್ಲವೂ ಬದುಕಬೇಕು.

ಗಾಡಿ ಇಲ್ಲಿ ಏನು ಮಾಡುತ್ತದೆ? ಒದ್ದೆ ಮಣ್ಣಿನ ಮೇಲೆ ಚಕ್ರ ಹಾಯ್ದರೆ ಮಣ್ಣು ಒತ್ತಿಕೊಂಡು ಗಟ್ಟಿಯಾಗುತ್ತದೆ. ನೀರು ಇಂಗುವುದಿಲ್ಲ, ಚಕ್ರದ ಗುರುತಿನಲ್ಲೇ ಹರಿದು ಕೊರಕಲು ಮಾಡುತ್ತದೆ. ಕೊರಕಲು ಆಳವಾದಾಗ ಮುಂದಿನ ಗಾಡಿಯವನು ಪಕ್ಕಕ್ಕೆ ಹೊರಳಿಸುತ್ತಾನೆ. ಒಂದು ಜಾಡು ಐದಾಗುವುದು ಹೀಗೆ. ಮೊಳಕಾಲ್ಮುರು ಕಡೆ, ಬ್ರಹ್ಮಗಿರಿ, ಜಟಿಂಗರಾಮೇಶ್ವರದಂಥ ಕಲ್ಲುಗುಡ್ಡಗಳ ಸೀಮೆಯಲ್ಲಿ ಇಳಿಜಾರು ಬೇರೆ. ಅಲ್ಲಿ ನೇರ ಮೇಲಕ್ಕೆ ಹತ್ತಿಸಿದ ಜಾಡು ಮಳೆ ಬಂದಾಗ ಕಾಲುವೆಯಾಗುತ್ತದೆ. ಕುರುಚಲು ಕಾಡಿನ ಕರಡಿಗೂ ನಮ್ಮ ಸದ್ದು ಬೇಕಿಲ್ಲ.

ಹಾಗಂತ ಆಫ್‌ರೋಡಿಂಗ್ ಬೇಡವೇ ಬೇಡ ಅನ್ನಲಾರೆ, ನನಗೂ ಅದರ ಹುಚ್ಚಿದೆ. ಆದರೆ ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಚಾರಣಕ್ಕಾದರೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ'ದಲ್ಲಿ ಆನ್‌ಲೈನ್ ಬುಕಿಂಗ್ ಇದೆ, ದಿನಕ್ಕಿಷ್ಟೇ ಜನ ಅನ್ನುವ ಮಿತಿಯಿದೆ. ನಡೆದು ಹೋಗುವವರಿಗೇ ಲೆಕ್ಕ ಇರುವಾಗ ಒಂದೂವರೆ ಟನ್ನಿನ ಗಾಡಿಗೆ ಬೇಡವೇ?

ನನಗೆ ಕಾಣುವ ದಾರಿ ಇಷ್ಟು: ಕಾವಲು ಬಿಟ್ಟು, ಕೈಬಿಟ್ಟ ಕ್ವಾರಿಯಂಥ ಕಡೆ ಒಂದೇ ಟ್ರ್ಯಾಕ್ ಗುರುತಿಸಲಿ. ಮಳೆಯಾದ ಮೇಲೆ ನೆಲ ಒಣಗುವವರೆಗೂ, ಹಕ್ಕಿ ಮೊಟ್ಟೆಯಿಡುವ ತಿಂಗಳುಗಳಲ್ಲೂ ಬಂದ್ ಇರಲಿ. ಗಾಡಿಗಳಿಗೆ ಮಿತಿ ಇರಲಿ, ಶುಲ್ಕದಲ್ಲಿ ಊರಿಗೂ ಪಾಲಿರಲಿ. ಎಲ್ಲಿ ಬೇಡ ಅನ್ನುವುದನ್ನು ಮೊದಲು ಕುರಿಗಾಹಿಗಳನ್ನು ಕೇಳಿ ತೀರ್ಮಾನಿಸಲಿ. ಹುಲ್ಲಿಗೆ ರಜೆ ಕೊಡುತ್ತಿದ್ದ ನೆಲದಲ್ಲಿ ಇದೇನು ಹೊಸ ಮಾತಲ್ಲ. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು: ಇರುವ ಬಂಡಿ ಜಾಡು ಬಿಟ್ಟು ಇಳಿಯಬಾರದು, ಲೊಕೇಶನ್ ಹಾಕಬಾರದು.

ದೀಪಾವಳಿಗೆ ಊರಿಗೆ ಹೋದಾಗ ಆ ಜಾಗ ನೋಡಿದೆ. ಸುತ್ತಲೂ ಮೊಣಕಾಲೆತ್ತರ ಹುಲ್ಲು. ನಮ್ಮ ಚಕ್ರ ಹಾದಲ್ಲಿ ಮಾತ್ರ ಎರಡು ಬೋಳು ಗೆರೆ, ನಡುನಡುವೆ ಕೊರಕಲು. ನೀರು ನಿಲ್ಲಲಿ ಅಂತ ಚಿಕ್ಕಪ್ಪ ಅಡ್ಡಕ್ಕೆ ಕಲ್ಲು ಇಡುತ್ತಿದ್ದರು. ಜೀಪು ರಸ್ತೆಯಲ್ಲೇ ಬಿಟ್ಟು ಬಂದಿದ್ದೆ. ನಾನೂ ಕಲ್ಲು ಹೊರಲು ನಿಂತೆ.