ಓದುವಾಗ ಹಳೆಯ ವಿಡಿಯೋ ಗೇಮ್ ಸಂಗೀತ

ಲೆಕ್ಕ ಬಿಡಿಸುವಾಗ ಹಳೆಯ ವಿಡಿಯೋ ಗೇಮ್‌ಗಳ ಸಂಗೀತವನ್ನು ಸಣ್ಣಗೆ ಹಾಕಿಕೊಳ್ಳುವವರಿದ್ದಾರೆ. ಅದರಿಂದ ಏಕಾಗ್ರತೆ ಹೆಚ್ಚುತ್ತದೆ ಎಂಬುದು ಅವರ ವಾದ. ಓದು ಕೆಡುತ್ತದೆ ಎಂಬುದು ಹಿರಿಯರ ಆತಂಕ. ಯಾರು ಸರಿ? ಮೊದಲು ಆ ಸಂಗೀತ ಹುಟ್ಟುವ ಬಗೆಯನ್ನು ನೋಡೋಣ.

1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ 'ಫ್ಯಾಮಿಕಾಮ್' ಎಂಬ ಆಟದ ಯಂತ್ರವನ್ನು ಹೊರತಂದಿತು. ಅದರ ಚಿಪ್‌ನಲ್ಲಿ ಧ್ವನಿಗೆ ಐದೇ ವಾಹಿನಿಗಳು: ಸ್ಪಂದ ತರಂಗಕ್ಕೆ ಎರಡು, ತ್ರಿಕೋನ ತರಂಗಕ್ಕೆ ಒಂದು, ಗದ್ದಲಕ್ಕೆ ಒಂದು, ಮುದ್ರಿತ ಧ್ವನಿಯ ತುಣುಕುಗಳಿಗೆ ಒಂದು. ಸ್ಪಂದ ವಾಹಿನಿಯಲ್ಲಿ ಸ್ವರ ಹುಟ್ಟುವುದು ಭಾಗಾಕಾರದಿಂದ! ಚಿಪ್‌ನ ಗಡಿಯಾರ ಸೆಕೆಂಡಿಗೆ ಸುಮಾರು 17,89,773 ಬಾರಿ ಮಿಡಿಯುತ್ತದೆ. ಇದನ್ನು 16 × 254ರಿಂದ ಭಾಗಿಸಿ. ಬರುವ ಉತ್ತರ 440.4 ಹರ್ಟ್ಸ್. ಪಾಶ್ಚಾತ್ಯ ವಾದ್ಯಗಳನ್ನು ಶ್ರುತಿ ಮಾಡುವ 440 ಹರ್ಟ್ಸ್ ಸ್ವರಕ್ಕೆ ಇದು ಬಹು ಹತ್ತಿರ. 254ರ ಬದಲು ಬೇರೊಂದು ಪೂರ್ಣಾಂಕವಿಟ್ಟರೆ ಬೇರೊಂದು ಸ್ವರ.

ಸ್ಪಂದವು ಅರ್ಧ ಕಾಲ ಮೇಲೆ, ಅರ್ಧ ಕಾಲ ಕೆಳಗೆ ಇದ್ದರೆ ಅದು ಚೌಕ ತರಂಗ. ಅದರಲ್ಲಿ ಮೂಲ ಆವೃತ್ತಿಯ 3, 5, 7 ಪಟ್ಟಿನ ಮೇಲ್ಸ್ವರಗಳು ಕ್ರಮವಾಗಿ 1/3, 1/5, 1/7ರಷ್ಟು ಪಾರ ಹೊಂದಿರುತ್ತವೆ. ಹಾಗಾಗಿ ಧ್ವನಿ ಚುರುಕು. ತ್ರಿಕೋನ ತರಂಗದಲ್ಲಿ ಅವು 1/9, 1/25, 1/49ಕ್ಕೆ ಕುಗ್ಗುವುದರಿಂದ ಧ್ವನಿ ಮೃದು.

ಸ್ಮೃತಿಕೋಶವೂ ಚಿಕ್ಕದೇ. 1985ರ 'ಸೂಪರ್ ಮಾರಿಯೊ ಬ್ರದರ್ಸ್' ಆಟ ಚಿತ್ರ, ಸಂಗೀತ ಸೇರಿ 40 ಕಿಲೋಬೈಟ್‌ಗಳಲ್ಲಿ ಅಡಗಿತ್ತು. ಆದ್ದರಿಂದ ಸಂಗೀತಗಾರ ಕೋಜಿ ಕೊಂಡೊ ಅವರ ರಾಗಗಳು ಚಿಕ್ಕವು, ಮಾತಿಲ್ಲದವು, ಮತ್ತೆ ಮತ್ತೆ ಸುತ್ತಿ ಬರುವಂಥವು.

ಮಾತಿಲ್ಲದಿರುವುದು ದೊಡ್ಡ ಅನುಕೂಲ. ಕಣ್ಣೆದುರಿನ ಅಕ್ಷರಗಳನ್ನು ಕ್ರಮವಾಗಿ ನೆನಪಿಡುವವರಿಗೆ, ಅರ್ಥವಾಗದ ಭಾಷೆಯ ಮಾತು ಕೇಳಿಬಂದರೂ ತಪ್ಪುಗಳು ಹೆಚ್ಚುತ್ತವೆಂದು ಕೋಲ್ ಮತ್ತು ವೆಲ್ಶ್ 1976ರಲ್ಲಿ ತೋರಿಸಿದರು. ವಾದ್ಯಸಂಗೀತಕ್ಕಿಂತ ಹಾಡು ಹೆಚ್ಚು ತೊಡಕೆಂದು ಸಲಾಮೆ ಮತ್ತು ಬ್ಯಾಡ್ಲಿ 1989ರಲ್ಲಿ ಕಂಡರು. ಆದರೆ ಮಾತಿಲ್ಲದ ಸ್ವರಗಳೂ ಬದಲಾಗುತ್ತಲೇ ಇದ್ದರೆ ನೆನಪನ್ನು ಕೆಡಿಸುತ್ತವೆ; ಇದು 1993ರಲ್ಲಿ ಜೋನ್ಸ್ ಮತ್ತು ಮ್ಯಾಕನ್ ಕಂಡ ಸಂಗತಿ.

ಆದ್ದರಿಂದ ಇಬ್ಬರದೂ ಅರ್ಧ ಸತ್ಯ. ನಕ್ಷೆ ಎಳೆಯುವಾಗ, ರೂಢಿಯ ಲೆಕ್ಕ ಮಾಡುವಾಗ ಈ ಸಂಗೀತ ಬೇಸರ ಕಳೆಯಬಹುದು. ಸಿನಿಮಾ ಹಾಡಿಗಿಂತ ಇದು ಮೇಲು. ಸೂತ್ರ ಬಾಯಿಪಾಠ ಮಾಡುವಾಗ ಮಾತ್ರ ಮೌನವೇ ಲೇಸು.

ನಂಬಿಕೆ ಬಾರದೆ? ಎಂಟು ಅಂಕಿಗಳನ್ನು ಒಂದೊಂದಾಗಿ ತೋರಿಸಿ, ಅದೇ ಕ್ರಮದಲ್ಲಿ ಬರೆಯಲು ಗೆಳೆಯರಿಗೆ ಹೇಳಿ. ಮೌನ, ಆಟದ ಸಂಗೀತ, ಹಾಡು – ಇವನ್ನು ಅದಲುಬದಲು ಮಾಡಿ, ಪ್ರತಿಯೊಂದಕ್ಕೂ ಹತ್ತು ಸಲ ಪ್ರಯೋಗಿಸಿ. ಅಂಕಿಗಳು ಪ್ರತಿ ಸಲವೂ ಬೇರೆಯಾಗಿರಲಿ. ತಪ್ಪುಗಳ ಸರಾಸರಿಯೇ ನಿಮಗೆ ಉತ್ತರ ಹೇಳುತ್ತದೆ.